ವಿಮೆ ಕೆಲಸಕ್ಕೆ ಜನ ಹುಡುಕುವುದು, ಸಿಕ್ಕವರನ್ನು ಉಳಿಸಿಕೊಳ್ಳುವುದು: ನನ್ನ ಅನುಭವ

ವಿಮೆ ಕಂಪನಿಗೆ ಸೇರಬೇಕು ಅಂತ ಚಿಕ್ಕಂದಿನಿಂದ ಕನಸು ಕಂಡವರು ನನಗೆ ಇನ್ನೂ ಸಿಕ್ಕಿಲ್ಲ. ನಮ್ಮಲ್ಲಿ ಬಹುತೇಕರು ಬೇರೆಲ್ಲಿಗೋ ಹೊರಟು ಇಲ್ಲಿಗೆ ಬಂದು ಸೇರಿದವರು. ನಾನೂ ಹಾಗೆಯೇ. ಕ್ಲೇಮ್ ವಿಭಾಗದಲ್ಲಿ, ಅಂದರೆ ನಷ್ಟ ಆದವರು ಕೇಳುವ ಪರಿಹಾರವನ್ನು ನೋಡುವ ಕಡೆ, ತಾತ್ಕಾಲಿಕ ಕೆಲಸ ಅಂತ ಬಂದೆ. ಆಮೇಲೆ ಅಂಡರ್‌ರೈಟಿಂಗ್‌ಗೆ, ಅಂದರೆ ಯಾರಿಗೆ, ಯಾವ ದರಕ್ಕೆ ವಿಮೆ ಕೊಡಬೇಕು ಅಂತ ನಿರ್ಧರಿಸುವ ಕಡೆಗೆ, ದಾಟಿದೆ. ಈಗ ಎರಡೂ ವಿಭಾಗಗಳಿಗೆ ಜನರನ್ನು ಆರಿಸುವುದು, ಅವರನ್ನು ಬೆಳೆಸುವುದು ನನ್ನ ಕೆಲಸ. ನಮ್ಮದು ಜೀವವಿಮೆ ಅಲ್ಲ. ಕಾರ್ಖಾನೆ, ಗೋದಾಮು, ಮನೆ, ಹೊಣೆಗಾರಿಕೆ (ಬೇರೆಯವರಿಗೆ ಆದ ಹಾನಿಗೆ ಕೊಡಬೇಕಾದ ಪರಿಹಾರ), ಇಂಥವು.

ಈ ಕ್ಷೇತ್ರಕ್ಕೆ ಒಳ್ಳೆಯ ಜನ ಬರುವುದಿಲ್ಲ, ಬಂದವರು ನಿಲ್ಲುವುದಿಲ್ಲ ಅನ್ನುವ ಮಾತನ್ನು ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ. ಸಂಬಳ ಸಾಲದು, ಕ್ಷೇತ್ರಕ್ಕೆ ಹೆಸರಿಲ್ಲ, ಈಗಿನ ಹುಡುಗರಿಗೆ ತಾಳ್ಮೆ ಇಲ್ಲ ಅಂತ ಕಾರಣಗಳೂ ಬರುತ್ತವೆ. ಸಂಬಳದ ಮಾತು ನಿಜ. ತಾಳ್ಮೆಯ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಕಂಡ ದೊಡ್ಡ ಕಾರಣ ಬೇರೆ. ವಿಮೆಯಲ್ಲಿ ಮಾಡುವವರೊಬ್ಬರು, ಉಣ್ಣುವವರು ಇನ್ನೊಬ್ಬರು. ಅಂಡರ್‌ರೈಟರ್ ಒಬ್ಬರು ಇವತ್ತು ಒಂದು ಹೊಣೆಗಾರಿಕೆ ಪಾಲಿಸಿಗೆ ದರ ಹಾಕುತ್ತಾರೆ. ಆ ದರ ಸರಿಯಾಗಿತ್ತೇ ಅಂತ ತಿಳಿಯಲು ವರ್ಷಗಳು ಬೇಕು. ಅಷ್ಟು ಹೊತ್ತಿಗೆ ಅವರು ಬೇರೆ ಕಂಪನಿಯಲ್ಲಿರುತ್ತಾರೆ. ಕ್ಲೇಮ್ ಬಂದಾಗ ಆ ಫೈಲು ತೆಗೆಯುವವರು ಅವರ ಮುಖವನ್ನೇ ನೋಡಿರುವುದಿಲ್ಲ.

ಇದರ ಅತಿರೇಕ ಅಂದರೆ ಕಲ್ನಾರಿನ (ಆಸ್ಬೆಸ್ಟಸ್) ಪ್ರಕರಣ. ಅದರ ಧೂಳು ಉಸಿರಿಗೆ ಹೋದ ಕಾರ್ಮಿಕರಲ್ಲಿ ಕಾಯಿಲೆ ಕಾಣಿಸಿಕೊಳ್ಳಲು 20, 30, ಕೆಲವರಿಗೆ 40 ವರ್ಷ ಹಿಡಿಯಿತು. ಯಾವುದೋ ಕಾಲದ ಪಾಲಿಸಿಗಳ ಮೇಲೆ 1980ರ ದಶಕದಲ್ಲಿ ಕ್ಲೇಮ್‌ಗಳು ರಾಶಿರಾಶಿಯಾಗಿ ಬಂದವು. ಲಂಡನ್ನಿನ ಲಾಯ್ಡ್ಸ್ ವಿಮಾ ಮಾರುಕಟ್ಟೆಯೇ ಅಲ್ಲಾಡಿತು. ಕೊನೆಗೆ 1996ರಲ್ಲಿ ಈಕ್ವಿಟಾಸ್ ಅನ್ನುವ ಪ್ರತ್ಯೇಕ ಸಂಸ್ಥೆ ಮಾಡಿ ಹಳೇ ಹೊಣೆಯನ್ನು ಅದಕ್ಕೆ ವಹಿಸಬೇಕಾಯಿತು. ನಮ್ಮ ದಿನನಿತ್ಯದ ಫೈಲುಗಳು ಇಷ್ಟು ದೂರ ಹೋಗುವುದಿಲ್ಲ. ಆದರೆ ತೊಡಕು ಅದೇ ಜಾತಿಯದು. ತಾನು ಮಾಡಿದ ಕೆಲಸ ಏನಾಯಿತು ಅಂತ ಗೊತ್ತೇ ಆಗದ ಕಡೆ ಚುರುಕಾದ ಮನುಷ್ಯ ಯಾಕೆ ಇರಬೇಕು? ಮುಂದೆ ನಾನು ಹೇಳುವುದೆಲ್ಲ ಹೆಚ್ಚುಕಡಿಮೆ ಈ ತೊಡಕಿನ ಸುತ್ತಲೇ ಇದೆ.

ಮೊದಲು ಜಾಹೀರಾತು. ನಾನು ಈ ಕೆಲಸಕ್ಕೆ ಬಂದಾಗ ಇದ್ದ ಜಾಹೀರಾತಿನಲ್ಲಿ 'ಚೈತನ್ಯಶೀಲ ತಂಡ', 'ಗ್ರಾಹಕರೇ ಕೇಂದ್ರ' ಎಂಬ ಪದಗಳಿದ್ದವು. ಅದನ್ನು ಓದಿದರೆ ನಾವು ವಿಮೆ ಮಾರುತ್ತೇವೋ ಸಾಬೂನು ಮಾರುತ್ತೇವೋ ತಿಳಿಯುತ್ತಿರಲಿಲ್ಲ. ಅದರ ಬದಲು ಒಂದು ದಿನದ ಕೆಲಸವನ್ನು ಬರೆದೆವು. 'ಬೆಳಿಗ್ಗೆ ನಿಮ್ಮ ಮೇಜಿನ ಮೇಲೆ ಒಂದು ಗೋದಾಮಿನ ಫೈಲು ಇರುತ್ತದೆ. ಅದು ಯಾಕೆ ಹೊತ್ತಿ ಉರಿಯಬಹುದು, ಉರಿದರೆ ಎಷ್ಟು ಹೋಗಬಹುದು ಅಂತ ನೀವು ಯೋಚಿಸಬೇಕು. ಮಾಹಿತಿ ಪೂರ್ತಿ ಇರುವುದಿಲ್ಲ. ಆದರೂ ಉತ್ತರ ಕೊಡಬೇಕು.' ಇಷ್ಟೇ. ಅರ್ಜಿಗಳ ಸಂಖ್ಯೆ ಏನೂ ಹೆಚ್ಚಾಗಲಿಲ್ಲ. ಬರೆದವರು ಮಾತ್ರ ಬದಲಾದರು. ಪತ್ತೇದಾರಿಕೆಯ ಬುದ್ಧಿ ಇರುವವರು ಬರತೊಡಗಿದರು.

ಕ್ಲೇಮ್ ಕೆಲಸಕ್ಕೆ 'ವಿಮಾ ಅನುಭವ ಕಡ್ಡಾಯ' ಅನ್ನುವ ಸಾಲನ್ನು ತೆಗೆದುಹಾಕಿಸಿದ್ದು ಇನ್ನೊಂದು ಬದಲಾವಣೆ. ಇದಕ್ಕೆ ಒಳಗಡೆ ಜಾಸ್ತಿ ವಿರೋಧ ಬಂತು. ಆದರೆ ನೋಡಿ, ಪಾಲಿಸಿಯ ಷರತ್ತುಗಳನ್ನು ಕೆಲವು ತಿಂಗಳಲ್ಲಿ ಕಲಿಸಬಹುದು. ಮನೆ ಸುಟ್ಟುಹೋದವರ ಜೊತೆ ಫೋನಿನಲ್ಲಿ ಮಾತಾಡುವುದನ್ನು ಅಷ್ಟು ಬೇಗ ಕಲಿಸಲಾಗುವುದಿಲ್ಲ. ಹಾಗಾಗಿ ಆಸ್ಪತ್ರೆಯಲ್ಲಿ ದಾದಿಯರಾಗಿದ್ದವರು, ಹೋಟೆಲಿನ ಸ್ವಾಗತ ಮೇಜಿನಲ್ಲಿ ಕೂತವರು, ಮೇಷ್ಟ್ರಾಗಿದ್ದವರು, ಕಟ್ಟಡದ ಕೆಲಸ ಬಲ್ಲ ಎಂಜಿನಿಯರುಗಳು ನಮ್ಮಲ್ಲಿಗೆ ಬಂದರು. ಅಗ್ನಿಶಾಮಕ ದಳದಲ್ಲಿದ್ದು ಬಂದ ಒಬ್ಬರು ಫೋಟೋ ನೋಡಿಯೇ ಬೆಂಕಿ ಯಾವ ಮೂಲೆಯಲ್ಲಿ ಶುರುವಾಗಿರಬಹುದು ಅಂತ ಹೇಳುತ್ತಿದ್ದರು. ಅಂಥ ಕಣ್ಣು ಯಾವ ತರಬೇತಿಯಿಂದ ಬರುತ್ತದೆ ಹೇಳಿ.

ಕಾಲೇಜುಗಳಿಗೆ ಮಾತಾಡಲು ಹೋದಾಗ ನಾನು ಹೇಳುವ ಒಂದು ಸಂಗತಿ ಇದೆ. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ನಗರದ ಜನನ ಮರಣದ ಲೆಕ್ಕ ಇಟ್ಟುಕೊಂಡು ಜೀವಿತಾವಧಿಯ ಕೋಷ್ಟಕ ಮಾಡಿದ. ಜೀವವಿಮೆಯ ಗಣಿತಕ್ಕೆ ಅದೇ ಒಂದು ಅಡಿಪಾಯ. ಲಾಯ್ಡ್ಸ್‌ಗೆ ಹೆಸರು ಕೊಟ್ಟ ಎಡ್ವರ್ಡ್ ಲಾಯ್ಡ್ ಕಾಫಿ ಅಂಗಡಿ ನಡೆಸುತ್ತಿದ್ದವನು. ಹಡಗಿನವರು ಅಲ್ಲಿ ಸೇರುತ್ತಿದ್ದರು, ಸುದ್ದಿ ಸಿಗುತ್ತಿತ್ತು, ವಿಮೆ ಬರೆಯುವವರೂ ಅಲ್ಲಿಗೇ ಬಂದರು. ಒಬ್ಬ ಖಗೋಳದವನು, ಇನ್ನೊಬ್ಬ ಕಾಫಿಯವನು. ಹೊರಗಿನಿಂದ ಬಂದವರೇ ಕಟ್ಟಿದ ಕ್ಷೇತ್ರ ಇದು ಅಂದರೆ ಹಿಂದಿನ ಬೆಂಚಿನವರೂ ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಇನ್ನು ಸಂದರ್ಶನ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ನನ್ನ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ.

'ನಿಮ್ಮ ಬಗ್ಗೆ ಹೇಳಿ', 'ಐದು ವರ್ಷದಲ್ಲಿ ಎಲ್ಲಿರುತ್ತೀರಿ' ಅನ್ನುವ ಪ್ರಶ್ನೆಗಳನ್ನು ಬಿಟ್ಟೆವು. ಅದರ ಬದಲು ಎಲ್ಲರಿಗೂ ಒಂದೇ ಫೈಲು ಕೊಡುತ್ತೇವೆ. ಪೀಠೋಪಕರಣ ಮಾಡುವ ಒಂದು ಘಟಕ ಅಂತ ಇಟ್ಟುಕೊಳ್ಳಿ. ಕಟ್ಟಡದ ನಕ್ಷೆ, ಕೆಲವು ಫೋಟೋ, ಹಿಂದಿನ ಕ್ಲೇಮ್‌ಗಳ ಪಟ್ಟಿ, ಗ್ರಾಹಕರ ಪರವಾಗಿ ವಿಮೆ ಕೊಡಿಸುವ ಬ್ರೋಕರ್ ಬರೆದ ಪತ್ರ. ಓದಲು ಸಾಕಷ್ಟು ಸಮಯ ಕೊಡುತ್ತೇವೆ. ದರ ಎಷ್ಟು ಅಂತ ಕೇಳುವುದಿಲ್ಲ. ಹೊಸಬರಿಗೆ ಅದು ಹೇಗೆ ಗೊತ್ತಾಗಬೇಕು? ನಾವು ಕೇಳುವುದು ಒಂದೇ: 'ಈ ಫೈಲಿನಲ್ಲಿ ಏನು ಇಲ್ಲ?'

ಕೆಲವರು ಇರುವುದನ್ನೇ ಚಂದವಾಗಿ ಸಾರಾಂಶ ಮಾಡಿ ಕೊಡುತ್ತಾರೆ. ಅವರು ಒಳ್ಳೆಯವರೇ, ಆದರೆ ಈ ಕೆಲಸಕ್ಕಲ್ಲ. ಇನ್ನು ಕೆಲವರು ಬಣ್ಣ ಸಿಂಪಡಿಸುವ ಕೋಣೆ ಎಲ್ಲಿದೆ ಅಂತ ಕೇಳುತ್ತಾರೆ. ಸ್ಪ್ರಿಂಕ್ಲರ್ (ಬೆಂಕಿ ಬಿದ್ದರೆ ಸೂರಿನಿಂದ ನೀರು ಸಿಂಪಡಿಸುವ ವ್ಯವಸ್ಥೆ) ಇದೆ ಅಂತ ಪತ್ರದಲ್ಲಿ ಬರೆದಿದೆ, ಆದರೆ ಫೋಟೋದಲ್ಲಿ ಮರ ಹಾಗೂ ಫೋಮು ಸೂರಿನವರೆಗೆ ಪೇರಿಸಿದೆಯಲ್ಲ ಅನ್ನುತ್ತಾರೆ. ಇದು ನಿಜಕ್ಕೂ ದೊಡ್ಡ ವಿಷಯ. ಸ್ಪ್ರಿಂಕ್ಲರ್ ಅನ್ನು ಇಂತಿಷ್ಟು ಎತ್ತರದ, ಇಂಥ ಬಗೆಯ ಸರಕಿಗೆ ಅಂತ ಲೆಕ್ಕ ಹಾಕಿ ಕೂರಿಸಿರುತ್ತಾರೆ. ಸರಕಿನ ಎತ್ತರ ಅದನ್ನು ಮೀರಿದರೆ ನೀರು ಬಿದ್ದರೂ ಬೆಂಕಿ ಹತೋಟಿಗೆ ಬರದೆ ಹೋಗಬಹುದು. ವಿಮೆಯ ಗಂಧವೇ ಇಲ್ಲದ ಒಬ್ಬ ಹುಡುಗಿ, ಹಿಂದೆ ಗ್ರಂಥಾಲಯದಲ್ಲಿ ಕೆಲಸ ಮಾಡಿದ್ದವರು, ಇದೇ ಫೈಲು ನೋಡಿ 'ಎರಡು ವರ್ಷ ಒಂದೂ ಕ್ಲೇಮ್ ಇಲ್ಲ, ಅದಕ್ಕೆ ಮುಂಚೆ ಪ್ರತಿ ವರ್ಷ ಇದೆ. ಆ ಎರಡು ವರ್ಷ ಘಟಕ ನಡೀತಾ ಇತ್ತಾ?' ಅಂತ ಕೇಳಿದರು. ಆ ಪ್ರಶ್ನೆಗೆ ನಾವು ಕೆಲಸ ಕೊಟ್ಟೆವು ಅಂದರೂ ತಪ್ಪಿಲ್ಲ.

ಕ್ಲೇಮ್‌ಗೆ ಬರುವವರಿಗೆ ಫೈಲಿನ ಜೊತೆ ಒಂದು ಫೋನ್ ಕರೆಯೂ ಇರುತ್ತದೆ. ಪಕ್ಕದ ಕೋಣೆಯಿಂದ ನಮ್ಮವರೇ ಒಬ್ಬರು ಗ್ರಾಹಕರಾಗಿ ಮಾತಾಡುತ್ತಾರೆ. ಮನೆಯಲ್ಲಿ ಪೈಪು ಒಡೆದು ನೀರು ತುಂಬಿದೆ. 'ಮೂರು ವಾರ ಆಯ್ತು ಸ್ವಾಮಿ, ದಿನಾ ಒಬ್ಬೊಬ್ಬರು ಒಂದೊಂದು ಹೇಳ್ತೀರಿ. ದುಡ್ಡು ಕೊಡ್ತೀರೋ ಇಲ್ವೋ, ಅದನ್ನ ಮೊದಲು ಹೇಳಿ' ಅಂತ ಶುರುವಾಗುತ್ತದೆ. ನೀರು ಒಮ್ಮೆಗೇ ನುಗ್ಗಿದ್ದೋ, ತಿಂಗಳಾನುಗಟ್ಟಲೆ ಜಿನುಗಿದ್ದೋ ಅನ್ನುವುದು ಇಲ್ಲಿ ಮುಖ್ಯ. ಸಾಮಾನ್ಯವಾಗಿ ಇಂಥ ಪಾಲಿಸಿಗಳು ಹಠಾತ್ತನೆ ಆದ ಹಾನಿಗೆ ಹಣ ಕೊಡುತ್ತವೆ, ನಿಧಾನವಾದ ಜಿನುಗಿಗೆ ಕೊಡುವುದಿಲ್ಲ. ಹಾಗಂತ ಮೊದಲ ಮಾತಿಗೇ 'ಎಷ್ಟು ದಿನದಿಂದ ಜಿನುಗ್ತಾ ಇತ್ತು?' ಅಂತ ಕೇಳಿದರೆ ಎದುರಿನವರು ತಕ್ಷಣ ಬಾಗಿಲು ಹಾಕಿಕೊಳ್ಳುತ್ತಾರೆ. 'ಈಗ ಮನೇಲಿ ನೀರು ನಿಂತಿದೆಯಾ, ಎಲ್ಲಿ ಉಳ್ಕೊಂಡಿದೀರಿ?' ಅಂತ ಮೊದಲು ಕೇಳುವವರು ಬೇಕು. ಆಮೇಲೆ ಜಿನುಗಿನ ಪ್ರಶ್ನೆಯನ್ನೂ ಬಿಡದೆ ಕೇಳುವವರು ಬೇಕು. ಎರಡೂ ಮಾಡುವವರು ಕಡಿಮೆ. ಬರೀ ಮೃದು ಮಾತಿನವರು ಮುಂದೆ ಎಲ್ಲರಿಗೂ ಆಗಲಿ ಅಂದುಬಿಡುತ್ತಾರೆ. ಬರೀ ಪ್ರಶ್ನೆ ಕೇಳುವವರು ಪೊಲೀಸರ ಹಾಗೆ ಕಾಣುತ್ತಾರೆ.

ಸಂದರ್ಶನ ಮಾಡುವ ಮೂವರೂ ಪರಸ್ಪರ ಮಾತಾಡುವ ಮೊದಲೇ ತಮ್ಮ ಅಂಕ ಬರೆದಿಡಬೇಕು. ಇದೊಂದು ನಿಯಮವನ್ನು ನಾನು ಯಾರಿಗಾಗಿಯೂ ಸಡಿಲಿಸಿಲ್ಲ. ಇಲ್ಲದಿದ್ದರೆ ಹಿರಿಯರು ಮೊದಲು ಬಾಯಿ ಬಿಡುತ್ತಾರೆ, ಉಳಿದವರು ತಲೆ ಆಡಿಸುತ್ತಾರೆ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆ ಅನ್ನುವ ಕ್ರಮದ ಪರವಾಗಿ ಸಂಶೋಧನೆಯೂ ಇದೆ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ನೇಮಕಾತಿಯ ವಿಧಾನಗಳ ಹಳೆಯ ಅಂಕಿಅಂಶಗಳನ್ನೆಲ್ಲ ಮತ್ತೆ ಪರಿಶೀಲಿಸಿದರು. ಮುಂದೆ ಕೆಲಸ ಹೇಗೆ ಮಾಡುತ್ತಾರೆ ಅಂತ ಅಂದಾಜಿಸುವುದರಲ್ಲಿ ಹೀಗೆ ಕ್ರಮಬದ್ಧವಾಗಿ ಮಾಡಿದ ಸಂದರ್ಶನ ಮೊದಲ ಸಾಲಿಗೆ ಬಂತು. ಅನುಭವದ ವರ್ಷಗಳನ್ನು ಎಣಿಸುವುದು ಬಹಳ ಕೆಳಗೆ ಹೋಯಿತು. 'ಅನುಭವ ಕಡ್ಡಾಯ' ಸಾಲನ್ನು ತೆಗೆಯಬಾರದು ಅಂದಿದ್ದ ಸಹೋದ್ಯೋಗಿಗೆ ಇದನ್ನು ಓದಲು ಕೊಟ್ಟೆ. ಅವರು ಓದಿದರು. ಒಪ್ಪಿದರು ಅಂತ ಹೇಳಲಾರೆ.

ಸೇರಿದ ಮೇಲೆ ಏನು? ಅಂಡರ್‌ರೈಟಿಂಗ್‌ಗೆ ಬಂದವರೂ ಮೊದಲ ಕೆಲವು ತಿಂಗಳು ಕ್ಲೇಮ್ ಮೇಜಿನಲ್ಲಿ ಕೂರಬೇಕು, ಹಾನಿ ಅಳೆಯುವ ಸರ್ವೇಯರ್ ಜೊತೆ ಸ್ಥಳಕ್ಕೆ ಹೋಗಬೇಕು. ಸುಟ್ಟ ಗೋದಾಮಿನ ಒಳಗೆ ಒಮ್ಮೆ ನಿಂತವರು ಆಮೇಲೆ 'ವಿದ್ಯುತ್ ವೈರಿಂಗ್ ಚೆನ್ನಾಗಿದೆ' ಅನ್ನುವ ಸಾಲನ್ನು ಸುಮ್ನೆ ನಂಬುವುದಿಲ್ಲ.

ಉಳಿಸಿಕೊಳ್ಳುವ ಕೆಲಸ ನಿಜವಾಗಿ ಶುರುವಾಗುವುದು ಅಧಿಕಾರದ ಪತ್ರದಿಂದ. ಪ್ರತಿ ಅಂಡರ್‌ರೈಟರ್‌ಗೂ ಒಂದು ಪತ್ರ ಇರುತ್ತದೆ. ಯಾವ ಬಗೆಯ ವಿಮೆ, ಎಷ್ಟು ಮೊತ್ತದವರೆಗೆ, ಎಷ್ಟು ರಿಯಾಯಿತಿಯವರೆಗೆ ತಾವೇ ಸಹಿ ಹಾಕಬಹುದು ಅಂತ ಅದರಲ್ಲಿ ಬರೆದಿರುತ್ತದೆ. ಅದಕ್ಕಿಂತ ಮೇಲಿನದು ಹಿರಿಯರ ಬಳಿ ಹೋಗಬೇಕು. ಎಲ್ಲ ಕಂಪನಿಗಳಲ್ಲೂ ಇದು ಇದ್ದೇ ಇದೆ. ಆದರೆ ಬಹಳ ಕಡೆ ಆ ಪತ್ರವನ್ನು ಸೇರಿದ ದಿನ ಕೊಟ್ಟು ಮರೆಯುತ್ತಾರೆ. ಐದು ವರ್ಷ ಆದರೂ ಅದೇ ಮಿತಿ. ಕೆಲಸ ಕಲಿತಿದ್ದಾರೆ, ಆದರೂ ಸಣ್ಣ ವಿಷಯಕ್ಕೂ ಮೇಲಿನವರ ಸಹಿಗೆ ಕಾಯಬೇಕು. ಬ್ರೋಕರ್ ಎದುರು ಮುಖಭಂಗ. ಬೇರೆ ಕಂಪನಿ ಎರಡು ಪಟ್ಟು ಮಿತಿ ಕೊಡುತ್ತೇವೆ ಅಂದರೆ ಹೊರಡುತ್ತಾರೆ. ಸಂಬಳಕ್ಕೆ ಹೋದರು ಅಂತ ನಾವು ಬರೆದುಕೊಳ್ಳುತ್ತೇವೆ.

ನಾವು ಏನು ಮಾಡಿದೆವು ಅಂದರೆ, ಮೇಲಕ್ಕೆ ಹೋದ ಪ್ರತಿ ಫೈಲಿನಲ್ಲೂ ಕಿರಿಯರು ತಮ್ಮ ನಿರ್ಧಾರವನ್ನು, ಕಾರಣವನ್ನು ಮೊದಲೇ ಬರೆದಿಡುತ್ತಾರೆ. 'ಏನು ಮಾಡಲಿ?' ಅಂತ ಕೇಳುವ ಹಾಗಿಲ್ಲ. 'ನಾನಾದರೆ ಹೀಗೆ ಮಾಡುತ್ತೇನೆ, ಯಾಕೆಂದರೆ ಇದು' ಅಂತ ಬರೆಯಬೇಕು. ಹಿರಿಯರು ಒಪ್ಪದಿದ್ದರೆ ಅವರೂ ಕಾರಣ ಬರೆಯಬೇಕು. ಆರು ತಿಂಗಳಿಗೊಮ್ಮೆ ಆ ಫೈಲುಗಳನ್ನು ಒಟ್ಟಿಗೆ ತೆಗೆದು ನೋಡುತ್ತೇವೆ. ಒಬ್ಬರ ನಿರ್ಧಾರವೂ ಹಿರಿಯರ ನಿರ್ಧಾರವೂ ಸತತವಾಗಿ ಕೂಡಿ ಬರುತ್ತಿದ್ದರೆ ಮಿತಿ ಏರುತ್ತದೆ. ಆ ವಿಷಯದಲ್ಲಿ ಮಾತ್ರ. ಕಟ್ಟಡದ ವಿಮೆಯಲ್ಲಿ ಏರಿದವರಿಗೆ ಹೊಣೆಗಾರಿಕೆ ವಿಮೆಯಲ್ಲೂ ಏರಬೇಕು ಅಂತೇನಿಲ್ಲ. ಹೊಸ ಪತ್ರವನ್ನು ತಂಡದ ಎದುರಿಗೇ ಕೊಡುತ್ತೇವೆ. ಅದಕ್ಕೆ ಸಂಬಳದ ಏರಿಕೆ ಜೊತೆಗಿಲ್ಲದಿದ್ದರೂ ಜನ ಅದನ್ನು ಎಷ್ಟು ಬೆಲೆಯುಳ್ಳದ್ದಾಗಿ ನೋಡುತ್ತಾರೆ ಅನ್ನುವುದು ನನಗೇ ಅಚ್ಚರಿ ತಂದಿತ್ತು. ಹಾಗಂತ ಸಂಬಳ ಏರಿಸದೆ ಬರೀ ಪತ್ರ ಕೊಡುತ್ತಾ ಹೋದರೆ ಎಷ್ಟು ದಿನ ನಡೆಯುತ್ತದೆ? ಅದೂ ಬರಬೇಕು, ಸ್ವಲ್ಪ ಹಿಂದೆಮುಂದೆ.

ಈ ಪದ್ಧತಿಯಲ್ಲಿ ಒಂದು ಕಿರಿಕಿರಿಯ ಸತ್ಯ ಹೊರಬಂತು. ಹಿರಿಯರೇ ಒಬ್ಬರಿಗೊಬ್ಬರು ಒಪ್ಪುತ್ತಿರಲಿಲ್ಲ. ಇದು ನಮ್ಮಲ್ಲಿ ಮಾತ್ರವಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಒಂದು ವಿಮಾ ಕಂಪನಿಯಲ್ಲಿ ಒಂದೇ ಫೈಲನ್ನು ಹಲವು ಅಂಡರ್‌ರೈಟರ್‌ಗಳಿಗೆ ಕೊಟ್ಟು ದರ ಕೇಳಿದ್ದರು. ಇಬ್ಬರ ದರಗಳ ನಡುವೆ ಶೇ. 10ರಷ್ಟು ವ್ಯತ್ಯಾಸ ಇರಬಹುದು ಅಂತ ಮೇಲಧಿಕಾರಿಗಳು ಊಹಿಸಿದ್ದರು. ಸಿಕ್ಕಿದ್ದು ಶೇ. 55. ಕ್ಲೇಮ್ ನೋಡುವವರಲ್ಲಿ ಶೇ. 43. ಅಂದರೆ ಗ್ರಾಹಕರು ಕಟ್ಟುವ ಪ್ರೀಮಿಯಂ ಅವರ ಫೈಲು ಯಾರ ಮೇಜಿಗೆ ಬಿತ್ತು ಅನ್ನುವುದರ ಮೇಲೆ ಇಷ್ಟೊಂದು ನಿಂತಿದೆ!

ನಾವೂ ಅದೇ ಪರೀಕ್ಷೆ ನಮ್ಮ ಮೇಲೆ ಮಾಡಿಕೊಂಡೆವು. ಅಂಕಿ ಹೇಳುವುದಿಲ್ಲ, ನಮಗೂ ಮಾನ ಇದೆ. ಆದರೆ ಅದರಿಂದ ಆದ ಉಪಕಾರ ದೊಡ್ಡದು. ಕಿರಿಯರಿಗೆ 'ನಿನಗೆ ಗೊತ್ತಾಗಲ್ಲ ಬಿಡು' ಅನ್ನುವ ಮಾತು ನಿಂತಿತು. ಯಾಕೆ ಈ ದರ ಅಂತ ಹಿರಿಯರೂ ಬಾಯಿಬಿಟ್ಟು ವಿವರಿಸಬೇಕಾಯಿತು. ವಿವರಿಸಲು ಕೂತಾಗ ಮೂವತ್ತು ವರ್ಷದಿಂದ ಅವರ ತಲೆಯಲ್ಲೇ ಇದ್ದ ಎಷ್ಟೋ ವಿಷಯ ಕಾಗದಕ್ಕೆ ಬಂತು. ಇದರಿಂದ ಮುನಿಸಿಕೊಂಡು ಒಬ್ಬ ಹಿರಿಯರು ಕೆಲಸ ಬಿಟ್ಟರು ಅನ್ನುವುದನ್ನೂ ಹೇಳಬೇಕು.

ಇದರ ಜೊತೆಗೆ ಹಳೇ ಫೈಲುಗಳ ಸಭೆ ಶುರು ಮಾಡಿದೆವು. ಕೆಲವು ವರ್ಷ ಹಿಂದಿನ ಪಾಲಿಸಿ, ಅದರ ಮೇಲೆ ಬಂದ ಕ್ಲೇಮ್, ಕೊನೆಗೆ ಕೊಟ್ಟ ಮೊತ್ತ ಎಲ್ಲ ಒಂದೇ ಕಡೆ ಇಡುತ್ತೇವೆ. ಅವತ್ತು ಬರೆದ ಕಾರಣವನ್ನು ಗಟ್ಟಿಯಾಗಿ ಓದುತ್ತೇವೆ. ನಷ್ಟ ಆದ ಫೈಲುಗಳನ್ನಷ್ಟೇ ತೆಗೆದರೆ ಅದು ವಿಚಾರಣೆ ಆಗಿಬಿಡುತ್ತದೆ. ಅದಕ್ಕೇ ಒಳ್ಳೆಯ ನಿರ್ಧಾರ ಇದ್ದೂ ದುರದೃಷ್ಟದಿಂದ ಸುಟ್ಟುಹೋದವು, ಕೆಟ್ಟ ನಿರ್ಧಾರ ಇದ್ದೂ ಅದೃಷ್ಟದಿಂದ ಉಳಿದವು, ಎರಡನ್ನೂ ತರುತ್ತೇವೆ. ಕೊನೆಯ ಜಾತಿಯವನ್ನು ಹುಡುಕುವುದೇ ಕಷ್ಟ. ಯಾಕೆಂದರೆ ಯಾರೂ ಅವನ್ನು ಮತ್ತೆ ತೆರೆಯುವುದಿಲ್ಲ. ಕ್ಲೇಮ್ ವಿಭಾಗದವರೂ ಅಲ್ಲೇ ಕೂರುತ್ತಾರೆ. ತಾವು ಬರೆದ ಪಾಲಿಸಿ ಏನಾಯಿತು ಅಂತ ಅಂಡರ್‌ರೈಟರ್‌ಗಳಿಗೆ ಕಣ್ಣಾರೆ ಕಾಣುತ್ತದೆ. ಕಂಪನಿ ಬಿಟ್ಟು ಹೋದರೆ ಇದು ಸಿಗುವುದಿಲ್ಲ ಅನ್ನುವುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಬೋನಸ್ ವಿಚಾರವೂ ಇದಕ್ಕೇ ತಳುಕು ಹಾಕಿಕೊಂಡಿದೆ. ವರ್ಷದ ಪ್ರೀಮಿಯಂ ಎಷ್ಟು ತಂದರು ಅನ್ನುವುದರ ಮೇಲೆ ಬೋನಸ್ ಕೊಟ್ಟರೆ, ದರ ಇಳಿಸಿ ಜಾಸ್ತಿ ಪಾಲಿಸಿ ಬರೆಯುವವರೇ ಗೆಲ್ಲುತ್ತಾರೆ. ಕ್ಲೇಮ್ ಬರುವ ಹೊತ್ತಿಗೆ ಬೋನಸ್ ಖರ್ಚಾಗಿರುತ್ತದೆ, ಮನುಷ್ಯ ಹೋಗಿರುತ್ತಾನೆ. ತೆಗೆದುಕೊಂಡ ಪ್ರತಿ ನೂರಕ್ಕೆ ಕ್ಲೇಮ್ ಹಾಗೂ ಖರ್ಚು ಸೇರಿ ನೂರಾಮೂರು ಹೋದರೆ ಆ ವ್ಯವಹಾರದಲ್ಲಿ ನಷ್ಟ, ಅದು ಎಷ್ಟೇ ದೊಡ್ಡದಿರಲಿ. ಹಾಗಾಗಿ ಬೋನಸ್ಸಿನ ಒಂದು ಪಾಲನ್ನು ತಡೆದು, ಆ ವರ್ಷ ಬರೆದ ಪಾಲಿಸಿಗಳ ಫಲಿತಾಂಶ ಕಂಡ ಮೇಲೆ ಕೊಡುವ ಪದ್ಧತಿ ತಂದೆವು. ಕಟ್ಟಡ, ಸರಕಿನಂಥ ವಿಮೆಗೆ ಇದು ಸುಲಭ. ಒಂದೆರಡು ವರ್ಷದಲ್ಲಿ ಚಿತ್ರ ಸಿಗುತ್ತದೆ. ಹೊಣೆಗಾರಿಕೆಗೆ ಕಷ್ಟ, ಅಲ್ಲಿ ಆಕ್ಚುಯರಿಗಳ (ವಿಮೆಯ ಅಪಾಯವನ್ನು ಗಣಿತದಿಂದ ಲೆಕ್ಕ ಹಾಕುವವರು) ಅಂದಾಜಿನ ಮೇಲೆ ಹೋಗಬೇಕು, ಜಗಳವೂ ಆಗುತ್ತದೆ. ತಡೆದಿಟ್ಟ ಹಣಕ್ಕಾಗಿ ಜನ ಉಳಿಯುತ್ತಾರೆ ಅಂತ ಕೆಲವರು ಇದನ್ನು ಹೊಗಳುತ್ತಾರೆ. ನನಗೆ ಆ ವಾದ ಅಷ್ಟು ಹಿಡಿಸುವುದಿಲ್ಲ. ಹಣಕ್ಕೆ ಕಟ್ಟುಬಿದ್ದು ಕೂತವರು ಮೇಜಿನಲ್ಲಿ ಇರುತ್ತಾರೆ, ಕೆಲಸದಲ್ಲಿ ಇರುವುದಿಲ್ಲ.

ಕ್ಲೇಮ್ ವಿಭಾಗದವರು ಹೋಗುವ ಕಾರಣವೇ ಬೇರೆ. ಅಲ್ಲಿ ಒಬ್ಬರ ಕೈಯಲ್ಲಿ ಎಷ್ಟು ಫೈಲು ಅನ್ನುವುದೇ ಎಲ್ಲ. ಒಂದು ಮಿತಿ ದಾಟಿದರೆ ಫೋನಿಗೆ ಉತ್ತರ ತಡವಾಗುತ್ತದೆ. ತಡವಾದರೆ ಗ್ರಾಹಕರು ಮತ್ತೆ ಫೋನ್ ಮಾಡುತ್ತಾರೆ. ಆ ಫೋನುಗಳಿಗೆ ಉತ್ತರಿಸುವುದರಲ್ಲೇ ದಿನ ಮುಗಿದು ಫೈಲು ಇನ್ನೂ ತಡವಾಗುತ್ತದೆ. ಒಬ್ಬರು ಕೆಲಸ ಬಿಟ್ಟರೆ ಅವರ ಫೈಲುಗಳನ್ನು ಉಳಿದವರಿಗೆ ಹಂಚುತ್ತಾರೆ, ಆಗ ಇನ್ನೊಬ್ಬರು ಬಿಡುತ್ತಾರೆ. ಈ ಸರಣಿಯನ್ನು ಕಂಡವರಿಗೆ ಗೊತ್ತು, ಇದು ಒಮ್ಮೆ ಶುರುವಾದರೆ ಸಂಬಳ ಏರಿಸಿದರೂ ನಿಲ್ಲುವುದಿಲ್ಲ.

ಇದು ಶುರುವಾಗುವ ಮೊದಲೇ ಗೊತ್ತಾಗುವುದಕ್ಕೆ ನಾನು ಒಂದು ಗುರುತು ನೋಡುತ್ತೇನೆ. ಪ್ರತಿ ಕ್ಲೇಮ್‌ಗೂ ಕೊನೆಗೆ ಎಷ್ಟು ಕೊಡಬೇಕಾಗಬಹುದು ಅಂತ ಒಂದು ಮೊತ್ತ ತೆಗೆದಿಡುತ್ತೇವೆ, ಅದೇ ರಿಸರ್ವ್. ಕೆಲಸ ಹತೋಟಿಯಲ್ಲಿದ್ದರೆ ಆ ಅಂಕಿ ಒಂದೆರಡು ಸಲ ಮಾತ್ರ, ಹೊಸ ಮಾಹಿತಿ ಬಂದಾಗ ಬದಲಾಗುತ್ತದೆ. ಅದು ಸ್ವಲ್ಪ ಸ್ವಲ್ಪವೇ, ಮೆಟ್ಟಿಲು ಹತ್ತಿದಂತೆ ಏರುತ್ತಿದ್ದರೆ ಆ ಫೈಲನ್ನು ಯಾರೂ ಕೂತು ಪೂರ್ತಿ ಓದಿಲ್ಲ ಅಂತ ಅರ್ಥ. ಬಿಲ್ಲು ಬಂದಾಗ ಅಂಕಿ ಏರಿಸಿದ್ದಾರೆ ಅಷ್ಟೇ. ಒಂದೇ ಮೇಜಿನಲ್ಲಿ ಅಂಥವು ಹೆಚ್ಚಾದರೆ ನಾನು ಬೈಯಲು ಹೋಗುವುದಿಲ್ಲ, ಫೈಲು ತೆಗೆದುಕೊಳ್ಳಲು ಹೋಗುತ್ತೇನೆ. ಬಿಟ್ಟು ಹೋಗುವ ಯೋಚನೆಯಲ್ಲಿದ್ದ ಕೆಲವರನ್ನು ಹೀಗೆ ಮೊದಲೇ ಗುರುತಿಸಿದ್ದೇನೆ. ಅವರಿಗೆ ಹೊಸ ಫೈಲು ಕೊಡುವುದನ್ನು ಕೆಲವು ವಾರ ನಿಲ್ಲಿಸಿದರೆ ಅರ್ಧ ಸಮಸ್ಯೆ ಕರಗುತ್ತದೆ.

ದೊಡ್ಡ ಬಿರುಗಾಳಿ, ಪ್ರವಾಹ ಬಂದಾಗ ಈ ಲೆಕ್ಕ ಎಲ್ಲ ತಲೆಕೆಳಗು. ಆಗ ಹೊರಗಿನ ಸರ್ವೇಯರುಗಳ ಜೊತೆ ಮೊದಲೇ ಒಪ್ಪಂದ ಇರಬೇಕು, ಅಂಡರ್‌ರೈಟರ್‌ಗಳೂ ಕ್ಲೇಮ್ ಮೇಜಿಗೆ ಬರಬೇಕು. ಅಲ್ಲಿ ಮೊದಲು ಕೂತಿದ್ದ ಅನುಭವ ಆಗ ಕೈಗೆ ಬರುತ್ತದೆ. ಇನ್ನೊಂದು ಮಾತು. ದಿನವಿಡೀ ಮನೆ ಕಳೆದುಕೊಂಡವರ ಅಳು ಕೇಳಿದವರಿಗೆ ವಿರಾಮ ಬೇಕು. ಕೇಳಿದರೆ ಕೊಡುತ್ತೇವೆ ಅಂದರೆ ಅವರು ಕೇಳುವುದಿಲ್ಲ. ನಾವೇ ಪಾಳಿ ಬರೆದು ಕಳಿಸಬೇಕು.

ಆಕ್ಚುಯರಿಗಳ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಅವರ ಪರೀಕ್ಷೆಗಳು ವರ್ಷಗಟ್ಟಲೆ ನಡೆಯುತ್ತವೆ. ಓದಲು ರಜೆ ಕೊಡಬೇಕು, ಶುಲ್ಕ ಕಟ್ಟಬೇಕು. ಪಾಸಾದ ಮೇಲೆ ಹೋಗಿಬಿಡುತ್ತಾರಲ್ಲ ಅನ್ನುವ ಗೋಳು ಎಲ್ಲ ಕಡೆ ಇದೆ. ಕಟ್ಟಿದ ಶುಲ್ಕ ವಾಪಸು ಕೊಡಬೇಕು ಅನ್ನುವ ಕರಾರು ಅವರನ್ನು ಹಿಡಿದಿಟ್ಟದ್ದನ್ನು ನಾನು ಕಂಡಿಲ್ಲ, ಹೊಸ ಕಂಪನಿ ಅದನ್ನು ಕಟ್ಟಿಬಿಡುತ್ತದೆ. ಪಾಸಾಗುವ ಮೊದಲೇ ಅವರಿಗೆ ವರದಿ ಬರೆಯುವುದನ್ನು ಬಿಟ್ಟು ಬೇರೆ ಕೆಲಸ ಕೊಡಬೇಕು. 1992ರ ಆಂಡ್ರ್ಯೂ ಚಂಡಮಾರುತದಲ್ಲಿ ಅಮೆರಿಕದ ಹಲವು ವಿಮಾ ಕಂಪನಿಗಳು ದಿವಾಳಿಯಾದ ಮೇಲೆ ವಿಪತ್ತನ್ನು ಕಂಪ್ಯೂಟರಿನಲ್ಲಿ ಮಾದರಿ ಮಾಡಿ ನೋಡುವ ಕ್ರಮ ವ್ಯಾಪಕವಾಯಿತು. 2023ರಿಂದ ಐಎಫ್‌ಆರ್‌ಎಸ್ 17 ಅನ್ನುವ, ವಿಮಾ ಒಪ್ಪಂದಗಳ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ ಜಾರಿಗೆ ಬಂದು ಆಕ್ಚುಯರಿ, ಅಕೌಂಟೆಂಟ್, ಕಂಪ್ಯೂಟರಿನವರು ಒಂದೇ ಮೇಜಿಗೆ ಬಂದರು. ಇಂಥ ಕಡೆಗಳಲ್ಲಿ ಕಿರಿಯ ಆಕ್ಚುಯರಿಗಳನ್ನು ತೊಡಗಿಸಿದರೆ ಅವರಿಗೆ ಉಸಿರಾಡಿದಂತಾಗುತ್ತದೆ.

ಮ್ಯಾನೇಜರ್ ಆಗದೆ ಮೇಲೇರುವ ದಾರಿಯೂ ಬೇಕು. ಅತ್ಯುತ್ತಮ ಅಂಡರ್‌ರೈಟರ್‌ಗೆ ಬಡ್ತಿ ಅಂದರೆ ರಜೆ ಅರ್ಜಿಗಳಿಗೆ ಸಹಿ ಹಾಕುವ ಕೆಲಸ ಅಂತಾದರೆ ಒಬ್ಬ ಒಳ್ಳೆಯ ಅಂಡರ್‌ರೈಟರ್ ಹೋದ, ಒಬ್ಬ ಸಾಧಾರಣ ಮ್ಯಾನೇಜರ್ ಬಂದ. ನಮ್ಮಲ್ಲಿ ಈಗ ಕೈಕೆಳಗೆ ಒಬ್ಬರೂ ಇಲ್ಲದ, ಆದರೆ ನನ್ನಷ್ಟೇ ಸಂಬಳ ಇರುವವರಿದ್ದಾರೆ. ಒಬ್ಬರಿಗೆ ನನಗಿಂತ ಜಾಸ್ತಿ. ಇದನ್ನು ಒಪ್ಪಿಸಲು ಮಾನವ ಸಂಪನ್ಮೂಲದವರ ಜೊತೆ ನಡೆಸಿದ ಪತ್ರವ್ಯವಹಾರ ಒಂದು ದಪ್ಪ ಫೈಲು ಆಗಿದೆ.

ಈಗ ತಲೆಗೆ ಹತ್ತಿರುವ ಚಿಂತೆ ಬೇರೆ. ಸಣ್ಣ ಕ್ಲೇಮ್‌ಗಳನ್ನು ಈಗ ಕಂಪ್ಯೂಟರೇ ನೋಡಿ ಹಣ ಕೊಟ್ಟುಬಿಡುತ್ತದೆ. ಒಡೆದ ಗಾಜು, ಪ್ರಯಾಣದಲ್ಲಿ ತಡವಾಗಿ ಬಂದ ಸಾಮಾನು, ಇಂಥವು ಮನುಷ್ಯರ ಮೇಜಿಗೆ ಬರುವುದೇ ಇಲ್ಲ. ಗ್ರಾಹಕರಿಗೆ ಒಳ್ಳೆಯದೇ, ಹಣ ಬೇಗ ಸಿಗುತ್ತದೆ. ಆದರೆ ನಾವೆಲ್ಲ ಕೆಲಸ ಕಲಿತದ್ದು ಅದೇ ಸಣ್ಣ ಫೈಲುಗಳ ಮೇಲೆ. ಈಗ ಸೇರುವವರ ಮೇಜಿಗೆ ಮೊದಲ ದಿನವೇ ಬರುವುದು ಕಂಪ್ಯೂಟರ್ ಕೈಬಿಟ್ಟ ಗೋಜಲು ಫೈಲುಗಳು. ಸುಲಭದ್ದು ಹೇಗಿರುತ್ತದೆ ಅಂತ ಗೊತ್ತಿಲ್ಲದವರಿಗೆ ಕಷ್ಟದ್ದು ಯಾಕೆ ಕಷ್ಟ ಅಂತ ಹೇಗೆ ತಿಳಿಯಬೇಕು? ಹೊಸಬರು ಮೊದಲ ವರ್ಷವೇ ಸೋತು ಹೋಗುವುದು ಈಚೆಗೆ ಹೆಚ್ಚಾಗಿದೆ, ಇದೂ ಒಂದು ಕಾರಣ ಅಂತ ನನ್ನ ಅನುಮಾನ.

ಅದಕ್ಕಾಗಿ ಕಂಪ್ಯೂಟರಿಗೆ ಹೋಗಬೇಕಾದ ಸುಲಭದ ಫೈಲುಗಳಲ್ಲಿ ಒಂದು ಪಾಲನ್ನು ಬೇಕಂತಲೇ ಹೊಸಬರಿಗೆ ಕೊಡುತ್ತೇವೆ. ಅವರು ನಿರ್ಧಾರ ಬರೆದ ಮೇಲೆ ಕಂಪ್ಯೂಟರಿನ ಉತ್ತರ ತೋರಿಸುತ್ತೇವೆ. ಎರಡೂ ಬೇರೆಯಾದರೆ ಯಾವುದು ಸರಿ ಅಂತ ವಾದ ಮಾಡಿ ಬರೆಯಬೇಕು. ಕೆಲವೊಮ್ಮೆ ಹುಡುಗರೇ ಗೆಲ್ಲುತ್ತಾರೆ, ಆಗ ಕಂಪ್ಯೂಟರಿನ ನಿಯಮ ತಿದ್ದುತ್ತೇವೆ. ಇದಕ್ಕೆ ಸಮಯ, ದುಡ್ಡು ಎರಡೂ ಹಿಡಿಯುತ್ತದೆ. ಯಂತ್ರ ಕ್ಷಣದಲ್ಲಿ ಮಾಡುವುದನ್ನು ಮನುಷ್ಯರ ಕೈಲಿ ಯಾಕೆ ಮಾಡಿಸುತ್ತೀರಿ ಅಂತ ಹಣಕಾಸು ವಿಭಾಗದವರು ಬಜೆಟ್ ಬಂದಾಗಲೆಲ್ಲ ಕೇಳುತ್ತಾರೆ. ಈ ಖರ್ಚನ್ನು ಕ್ಲೇಮ್ ಖಾತೆಯಿಂದ ತೆಗೆದು ತರಬೇತಿ ಖಾತೆಗೆ ಹಾಕಿಸಿಕೊಂಡಿದ್ದೇನೆ. ಸದ್ಯಕ್ಕೆ ಅಲ್ಲೇ ಕೂತಿದೆ.